ಏಳೆಲೆಯ ಪಾಲೆ, ಎಲ್ಲರ ಪಾಠ

ಆಟಿ ಅಮಾವಾಸ್ಯೆಯ ದಿನ ತುಳುನಾಡಿನ ಮನೆಗಳಲ್ಲಿ ಬೆಳಕು ಹರಿಯುವ ಮೊದಲೇ ಯಾರಾದರೊಬ್ಬರು ಎದ್ದು ಗುಡ್ಡದ ಕಡೆಗೆ ಹೋಗುತ್ತಾರೆ. ಪಾಲೆ ಮರದ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಕಷಾಯ ಮಾಡಿ ಬರಿಹೊಟ್ಟೆಗೆ ಕುಡಿಯುವುದು, ಮೇಲಿಂದ ಮೆಂತೆ ಗಂಜಿ ಉಣ್ಣುವುದು ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಇಂದಿಗೂ ಉಳಿದಿರುವ ಪದ್ಧತಿ. ಆ ಕತ್ತಲಲ್ಲಿ ಮರ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಇದೇ ಸೀಮೆಯ ಕಾಡುಗುಡ್ಡಗಳಲ್ಲಿ ಕಾಯೆರ್ ಮರವೂ ಬೆಳೆಯುತ್ತದೆ. ಕನ್ನಡದಲ್ಲಿ ಅದು ಕಾಸರಕ. ಅದರ ಬೀಜದಲ್ಲೂ ತೊಗಟೆಯಲ್ಲೂ ಸ್ಟ್ರಿಕ್ನೀನ್, ಬ್ರೂಸಿನ್ ಎಂಬ ವಿಷಗಳಿವೆ. ಎರಡನ್ನೂ ಬೇರೆ ಮಾಡುವ ಗುರುತು ಕಣ್ಣೆದುರಿಗೇ ಇದೆ. ಪಾಲೆಯ ರೆಂಬೆಯಲ್ಲಿ ಒಂದೇ ಗೆಣ್ಣಿನ ಸುತ್ತ ಐದು, ಆರು, ಏಳು ಎಲೆಗಳು ಕೊಡೆಯ ಕಡ್ಡಿಗಳ ಹಾಗೆ ಹರಡಿಕೊಂಡಿರುತ್ತವೆ. ಎಲೆ ಚಿವುಟಿದರೆ ಹಾಲು ಒಸರುತ್ತದೆ. ಕಾಯೆರ್‌ನಲ್ಲಿ ಎಲೆಗಳು ಎರಡೆರಡಾಗಿ ಎದುರುಬದುರು ಇರುತ್ತವೆ, ಎಲೆಯ ಬುಡದಿಂದಲೇ ಮೂರೋ ಐದೋ ನರಗಳು ಎದ್ದು ಕಾಣುತ್ತವೆ, ಹಾಲು ಬರುವುದಿಲ್ಲ. ಇಷ್ಟನ್ನೇ ಪಠ್ಯದ ಒಂದು ವಾಕ್ಯವಾಗಿ ಬರೆದರೆ ಮಗುವಿನ ತಲೆಯಲ್ಲಿ ಉಳಿಯುವುದು ಪರ್ಣವಿನ್ಯಾಸ ಎಂಬ ಪದ. ಎರಡು ರೆಂಬೆಗಳನ್ನು ಅಕ್ಕಪಕ್ಕ ಚಿತ್ರಿಸಿ, ಅಜ್ಜಿಯ ಜೊತೆ ನಸುಕಿನಲ್ಲಿ ಗುಡ್ಡ ಹತ್ತುವ ಹುಡುಗಿಯ ಕತೆಯೊಳಗೆ ಇಟ್ಟರೆ ಉಳಿಯುವುದು ಮರ.

ಇನ್ನೂ ಸ್ವಲ್ಪ ಹತ್ತಿರ ಹೋಗಿ ನೋಡೋಣ. ಕನ್ನಡದಲ್ಲಿ ಈ ಮರಕ್ಕೆ ಹಾಲೆ ಎಂದೂ ಹೆಸರು, ಹೆಸರಿನಲ್ಲೇ ಹಾಲಿದೆ. ತಮಿಳಿನಲ್ಲಿ ಅದು ಏಳಿಲೈಪ್ಪಾಲೈ, ಮಲಯಾಳದಲ್ಲಿ ಏಳಿಲಂಪಾಲ, ಸಂಸ್ಕೃತದಲ್ಲಿ ಸಪ್ತಪರ್ಣ. ಈ ಹೆಸರುಗಳಲ್ಲಿ ಎಲೆಯ ಲೆಕ್ಕವೂ ಇದೆ. ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳ ಸುತ್ತ ತಮಿಳು ಮನೆಮಾತಿನ ಕುಟುಂಬಗಳಿವೆ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಮರಳಿ ಬಂದವರಿಗೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ, ನೆಲೆ ಸಿಕ್ಕಿದ್ದರ ಮುಂದುವರಿಕೆ ಅದು. ಕೇರಳದ ಗಡಿ ಹತ್ತಿರವಿರುವುದರಿಂದ ಮಲಯಾಳ ಆಡುವ ಮನೆಗಳೂ ಇವೆ. ಒಂದೇ ತರಗತಿಯ ಮಕ್ಕಳು ತಂತಮ್ಮ ಮನೆಯಲ್ಲಿ ಈ ಮರಕ್ಕಿರುವ ಹೆಸರನ್ನು ಕೇಳಿಕೊಂಡು ಬಂದು ಹೇಳಿದರೆ, ಸಸ್ಯಶಾಸ್ತ್ರ ಈ ಮರವನ್ನು ಗುರುತಿಸಲು ಬಳಸುವ ಎರಡು ಮುಖ್ಯ ಲಕ್ಷಣಗಳು ಕರಿಹಲಗೆಯ ಮೇಲೆ ತಾವಾಗಿ ಬಂದು ಕೂರುತ್ತವೆ. ರಬ್ಬರ್ ಕಾಲೊನಿಯ ಹುಡುಗ ಬಾಯಿ ತೆರೆಯದೆ ಕೂತರೆ ಎಲೆಯ ಲೆಕ್ಕ ಪಾಠದಿಂದ ಬಿಟ್ಟುಹೋಗುತ್ತದೆ. ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಚಿತ್ರಕತೆಗಳಿಂದ ವಿಜ್ಞಾನ ಕಲಿಸಬೇಕು ಎಂದಾಗ ಅದನ್ನು ಹಿಂದುಳಿದವರ ಮೇಲೆ ತೋರುವ ಕರುಣೆ ಎಂದು ಭಾವಿಸುವವರಿದ್ದಾರೆ. ವಿಜ್ಞಾನದ ಲಾಭವೇ ಅದರಲ್ಲಿದೆ ಎಂಬುದು ಈ ಲೇಖನದ ವಾದ. ಯಾರನ್ನು ಹೊರಗಿಟ್ಟೆವೋ ಅವರು ಕಂಡದ್ದೂ ಹೊರಗೇ ಉಳಿಯುತ್ತದೆ. ಕಂಡದ್ದನ್ನು ಬಿಟ್ಟ ವಿಜ್ಞಾನ ಅಷ್ಟರಮಟ್ಟಿಗೆ ಊನ.

ಒಳಗೊಳ್ಳುವುದು ಎಂಬ ಮಾತು ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲ್ಲೂಕುಗಳಲ್ಲಿ ಬರಿ ಘೋಷಣೆಯಾಗಿ ಉಳಿಯುವಂಥದ್ದಲ್ಲ. ಇಲ್ಲಿನ ಹೆಚ್ಚಿನ ಮಕ್ಕಳಿಗೆ ಪಠ್ಯದ ಕನ್ನಡ ಶಾಲೆಯಲ್ಲಿ ಸಿಗುವ ಭಾಷೆ. ಮನೆಯಲ್ಲಿ ತುಳು, ಸುಳ್ಯದ ಕಡೆ ಅರೆಭಾಷೆ, ಬ್ಯಾರಿ, ಕೊಂಕಣಿ, ಮರಾಟಿ, ಹವ್ಯಕ ಕನ್ನಡ. ತೋಟದ ಯಜಮಾನರ ಮಗಳು ಮತ್ತು ಅದೇ ತೋಟದ ಮರ ಹತ್ತುವವರ ಮಗ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಕೊರಗ, ಮಲೆಕುಡಿಯ ಸಮುದಾಯಗಳ ಮಕ್ಕಳಿದ್ದಾರೆ. ಕಣ್ಣು, ಕಿವಿ, ಕೈಕಾಲು, ಬುದ್ಧಿಯ ಬೆಳವಣಿಗೆಯಲ್ಲಿ ತೊಡಕಿರುವ ಮಕ್ಕಳಿದ್ದಾರೆ. ಇವರ ಸಂಗತಿಗೆ ಈ ಸೀಮೆಯಲ್ಲಿ ವಿಶೇಷವಾದ, ನೋವಿನ ಇತಿಹಾಸವಿದೆ; ಅದು ಮುಂದೆ ಬರುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಒಳಗೊಳ್ಳುವ ಶಿಕ್ಷಣವನ್ನು ವಿವರಿಸುವಾಗ ಎರಡು ಷರತ್ತು ಹಾಕುತ್ತದೆ: ವೈಕಲ್ಯವಿರುವ ಮತ್ತು ಇಲ್ಲದ ಮಕ್ಕಳು ಕೂಡಿ ಕಲಿಯಬೇಕು; ಕಲಿಸುವ, ಕಲಿಯುವ ಕ್ರಮ ಅವರ ಅಗತ್ಯಕ್ಕೆ ತಕ್ಕಂತೆ ಬದಲಾಗಬೇಕು. ಒಟ್ಟಿಗೆ ಕೂರಿಸುವ ಕೆಲಸ ಎಷ್ಟೋ ಕಡೆ ಆಗಿದೆ. ಕಲಿಸುವ ಕ್ರಮ ಬದಲಾಗಬೇಕಾದ ಕೆಲಸ ಬಾಕಿ ಇದೆ. ಚಿತ್ರಕತೆ ಆ ಎರಡನೆಯ ಕೆಲಸಕ್ಕೆ ಬೇಕಾದ ಸಲಕರಣೆ.

ಬಾಲವನ ತೆರೆದ ದಾರಿ

ಚಿತ್ರ ಮತ್ತು ವಿಜ್ಞಾನವನ್ನು ಜೋಡಿಸಿ ಕನ್ನಡದ ಮಕ್ಕಳ ಕೈಗಿಡುವ ಯೋಚನೆ ಪುತ್ತೂರಿಗೆ ಹೊಸದಲ್ಲ. ಶಿವರಾಮ ಕಾರಂತರು ತಮ್ಮ ಬದುಕಿನ ಬಹುಭಾಗವನ್ನು ಕಳೆದದ್ದು ಇಲ್ಲಿಯ ಬಾಲವನದಲ್ಲಿ. ಮಕ್ಕಳು ಆಡುತ್ತ, ನೋಡುತ್ತ, ಕೈಯಿಂದ ಮಾಡುತ್ತ ಕಲಿಯಬೇಕು ಎಂಬ ನಂಬಿಕೆಯಿಂದ ಅವರು 1930ರ ದಶಕದಲ್ಲಿ ಅಲ್ಲಿ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಅದೇ ಕಾಲದಲ್ಲಿ, 1936ರಲ್ಲಿ, ಮೂರು ಸಂಪುಟಗಳ ಮಕ್ಕಳ ವಿಶ್ವಕೋಶ ‘ಬಾಲ ಪ್ರಪಂಚ’ ಬಂತು. 1959ರಿಂದ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ಕಡಲು, ನಕ್ಷತ್ರ, ಕೀಟ, ಯಂತ್ರ ಎಲ್ಲವೂ ಚಿತ್ರಗಳ ಜೊತೆ ಕನ್ನಡದ ಮಗುವಿನ ಎದುರು ತೆರೆದುಕೊಂಡವು. ವಿಜ್ಞಾನಕ್ಕೆ ಕನ್ನಡ ಸಾಲದು ಎನ್ನುವವರಿಗೆ ಒಬ್ಬನೇ ಮನುಷ್ಯ ಕೊಟ್ಟ ಉತ್ತರ ಅದು. ಮುಂದೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಆ ದಾರಿಯಲ್ಲೇ ನಡೆಯಿತು. ಆದರೆ ವಿಶ್ವಕೋಶದ ಸ್ವಭಾವವೇ ಬೇರೆ. ಅದು ಪ್ರಪಂಚವನ್ನು ಮಗುವಿನ ಬಳಿಗೆ ತರುತ್ತದೆ. ಮಗುವನ್ನು ಪುಟದೊಳಗೆ ಕರೆದುಕೊಳ್ಳುವುದು ಅದರ ಕೆಲಸವಲ್ಲ. ಕಾರಂತರು ಹಾಕಿದ ಅಡಿಪಾಯದ ಮೇಲೆ ಏಳಬೇಕಾದ ಮುಂದಿನ ಗೋಡೆ ಇದು: ಪ್ರಪಂಚವನ್ನು ನೋಡುತ್ತಿರುವ ಮಗುವೂ ಚಿತ್ರದಲ್ಲಿರಬೇಕು, ಮತ್ತು ಆ ಮಗು ಯಾರು ಬೇಕಾದರೂ ಆಗಿರಬಹುದು.

ಚಿತ್ರ ಮತ್ತು ಕತೆ ಏಕೆ ಕಲಿಸುತ್ತವೆ ಎಂಬುದಕ್ಕೆ ಆಧಾರಗಳಿವೆ. ಕೆನಡಾದ ಮನಶ್ಶಾಸ್ತ್ರಜ್ಞ ಅಲನ್ ಪೈವಿಯೊ ಮಾತು ಮತ್ತು ಚಿತ್ರಗಳು ನೆನಪಿನಲ್ಲಿ ಎರಡು ಬೇರೆ ದಾರಿಗಳಲ್ಲಿ ನೆಲೆಗೊಳ್ಳುತ್ತವೆ, ಎರಡೂ ಕಡೆ ಬೇರೂರಿದ್ದು ಗಟ್ಟಿಯಾಗಿ ಉಳಿಯುತ್ತದೆ ಎಂದು ವಾದಿಸಿದರು. ಅಮೆರಿಕದ ರಿಚರ್ಡ್ ಮೇಯರ್ ಹತ್ತಾರು ಪ್ರಯೋಗಗಳಲ್ಲಿ ಬರಿ ಪದಗಳಿಗಿಂತ ಪದ ಮತ್ತು ತಕ್ಕ ಚಿತ್ರ ಕೂಡಿದಾಗ ವಿದ್ಯಾರ್ಥಿಗಳಿಗೆ ವಿಷಯ ಚೆನ್ನಾಗಿ ಅರ್ಥವಾಗುತ್ತದೆ ಎಂದು ತೋರಿಸಿದರು. ಕತೆಯ ಬಲವನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸಿದ್ದು 2014ರಲ್ಲಿ ಡೆಬೊರಾ ಕೆಲೆಮನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ. ಐದರಿಂದ ಎಂಟು ವರ್ಷದ ಮಕ್ಕಳಿಗೆ ಅವರು ಓದಿ ಹೇಳಿದ್ದು ಹತ್ತು ಚಿಲ್ಲರೆ ನಿಮಿಷದಲ್ಲಿ ಮುಗಿಯಬಲ್ಲ ಒಂದು ಚಿತ್ರಕತೆ. ಪೈಲೊಸಾ ಎಂಬ ಕಲ್ಪಿತ ಪ್ರಾಣಿಗಳಲ್ಲಿ ಕೆಲವಕ್ಕೆ ದಪ್ಪ ಸೊಂಡಿಲು, ಕೆಲವಕ್ಕೆ ತೆಳು ಸೊಂಡಿಲು. ಹವಾಮಾನ ಬದಲಾಗಿ, ಅವು ತಿನ್ನುವ ಕೀಟಗಳು ನೆಲದೊಳಗಿನ ಕಿರಿದಾದ ಬಿಲಗಳನ್ನು ಸೇರುತ್ತವೆ. ತೆಳು ಸೊಂಡಿಲಿನವು ಆಹಾರ ಸಿಕ್ಕಿ ಬದುಕಿ ಮರಿ ಹಾಕುತ್ತವೆ. ಉಳಿದವುಗಳ ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ಕರಗುತ್ತದೆ. ದೊಡ್ಡ ತರಗತಿಗಳಲ್ಲೂ ಕಲಿಸಲು ಕಷ್ಟವೆನಿಸುವ ನಿಸರ್ಗದ ಆಯ್ಕೆಯ ತತ್ತ್ವವನ್ನು ಆ ಪುಟ್ಟ ಮಕ್ಕಳು ಹಿಡಿದರು. ಬೇರೆ ಪ್ರಾಣಿಯ ಉದಾಹರಣೆಗೂ ಅನ್ವಯಿಸಿದರು. ಮೂರು ತಿಂಗಳ ನಂತರವೂ ಮರೆತಿರಲಿಲ್ಲ. ಕತೆ ಎಂದರೆ ಇದಾದ ಮೇಲೆ ಇದು, ಇದರಿಂದಾಗಿ ಅದು ಎಂಬ ಸರಣಿ. ವಿಜ್ಞಾನ ಹುಡುಕುವುದೂ ಅಂಥದೇ ಕಾರಣಗಳ ಸರಣಿಯನ್ನು.

ತೋಟದ ಕತ್ತಿಯ ರಸಾಯನಶಾಸ್ತ್ರ

ಈ ತತ್ತ್ವವನ್ನು ಅಡಿಕೆ ತೋಟಕ್ಕೆ ಇಳಿಸಿ ನೋಡಿದರೆ ಒಳಗೊಳ್ಳುವಿಕೆಯ ಅರ್ಥ ಇನ್ನಷ್ಟು ನಿಚ್ಚಳವಾಗುತ್ತದೆ. ಮಳೆಗಾಲದ ಹೊಸ್ತಿಲಲ್ಲಿ ಇಲ್ಲಿ ಕೊಳೆರೋಗ ತಡೆಯಲು ಅಡಿಕೆಗೆ ಮದ್ದು ಬಿಡುತ್ತಾರೆ. ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು: ಶೇಕಡಾ ಒಂದರ ಬೋರ್ಡೋ ದ್ರಾವಣ. ಎರಡನ್ನೂ ಬೇರೆ ಬೇರೆ ಕದಡಿ ಬಳಿಕ ಕೂಡಿಸಿದಾಗ ಆಕಾಶನೀಲಿ ಬಣ್ಣ ಬರುತ್ತದೆ. ಸುಣ್ಣ ಸಾಕಾಯಿತೇ ಎಂದು ತಿಳಿಯಲು ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆದು ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಛಾಯೆ ಕೂತರೆ ಸುಣ್ಣ ಕಡಿಮೆ. ಇನ್ನಷ್ಟು ಹಾಕಬೇಕು, ಇಲ್ಲದಿದ್ದರೆ ಎಳೆ ಕಾಯಿ ಸುಡುತ್ತದೆ. ಆ ಕೆಂಪು ತಾಮ್ರ. ದ್ರಾವಣದಲ್ಲಿ ಬಿಡಿಯಾಗಿ ಉಳಿದ ತಾಮ್ರವನ್ನು ಕತ್ತಿಯ ಕಬ್ಬಿಣ ಹೊರಗೆ ದೂಡಿ ತಾನು ಆ ಜಾಗಕ್ಕೆ ಸೇರಿಕೊಂಡಿದೆ. ಬೋರ್ಡೋವನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡಬಾರದು ಎನ್ನುವುದಕ್ಕೂ ಕಾರಣ ಇದೇ. ಹತ್ತನೇ ತರಗತಿಯ ಪಠ್ಯದಲ್ಲಿ ತಾಮ್ರದ ಸಲ್ಫೇಟ್ ದ್ರಾವಣದೊಳಗೆ ಕಬ್ಬಿಣದ ಮೊಳೆ ಇಳಿಬಿಡುವ ಪ್ರಯೋಗವಿದೆ. ಸ್ಥಾನಪಲ್ಲಟ ಕ್ರಿಯೆ ಎಂದು ಅದರ ಹೆಸರು. ಪ್ರಯೋಗಾಲಯದ ಮೊಳೆ ಮತ್ತು ತೋಟದ ಕತ್ತಿ ಮಾಡುವ ಕೆಲಸ ಒಂದೇ ಎಂದು ಪಾಠ ಹೇಳದಿದ್ದರೆ, ಮಗು ಸಮೀಕರಣವನ್ನು ಪರೀಕ್ಷೆಗೆ ಬರೆದು ಮರೆಯುತ್ತದೆ; ಕತ್ತಿಯನ್ನು ಅಪ್ಪನ ಕೈಯಲ್ಲಿ ದಿನವೂ ನೋಡುತ್ತ ಅದು ರಸಾಯನಶಾಸ್ತ್ರ ಎಂದು ತಿಳಿಯದೆ ದೊಡ್ಡದಾಗುತ್ತದೆ.

ಈ ಕತೆಯನ್ನು ಯಾರ ಕಣ್ಣಿನಿಂದ ಹೇಳಬೇಕು ಎಂಬುದು ಮುಖ್ಯವಾದ ಪ್ರಶ್ನೆ. ತೋಟ ಯಾರದ್ದೇ ಇರಲಿ, ಆ ಕೆಂಪು ಛಾಯೆಯನ್ನು ಹತ್ತಿರದಿಂದ ಕಂಡಿರುವುದು, ಮದ್ದಿನ ನೀಲಿ ಕಲೆ ಹತ್ತಿದ ಅಂಗಿಯನ್ನು ಮನೆಯಲ್ಲಿ ಒಗೆದಿರುವುದು ಮದ್ದು ಬಿಡುವವರ ಕುಟುಂಬ. ಆ ಮನೆಯ ಹುಡುಗ ಕತೆಯ ನಾಯಕನಾದರೆ ತರಗತಿಯಲ್ಲಿ ಅವನಿಗೆ ಗೊತ್ತಿರುವುದಕ್ಕೆ ಮೊದಲ ಬಾರಿ ಬೆಲೆ ಬರುತ್ತದೆ. ಅವನ ಪಕ್ಕ ಕೂತ ಯಜಮಾನರ ಮಗಳಿಗೂ ಲಾಭವಿದೆ. ತನ್ನ ತೋಟದಲ್ಲೇ ನಡೆಯುವ, ತಾನು ದೂರದಿಂದ ಮಾತ್ರ ನೋಡಿದ ಕೆಲಸದೊಳಗೆ ಎಷ್ಟು ಲೆಕ್ಕ, ಎಷ್ಟು ಪರೀಕ್ಷೆ, ಎಷ್ಟು ಎಚ್ಚರ ಇದೆ ಎಂದು ಅವಳಿಗೆ ತಿಳಿಯುತ್ತದೆ. ಮಕ್ಕಳ ಪುಸ್ತಕ ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು ಎಂದು ಅಮೆರಿಕದ ಶಿಕ್ಷಣತಜ್ಞೆ ರುಡಿನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದರು. ಒಬ್ಬರಿಗೆ ಕನ್ನಡಿಯಾದ ಪುಟ ಪಕ್ಕದವರಿಗೆ ಕಿಟಕಿಯಾಗುವುದು ಹೀಗೆ.

ಚಿತ್ರದಲ್ಲಿ ಯಾರಿದ್ದಾರೆ

ಚಿತ್ರದಲ್ಲಿ ಯಾರಿದ್ದಾರೆ ಎಂಬುದನ್ನು ಮಕ್ಕಳು ನಾವಂದುಕೊಂಡದ್ದಕ್ಕಿಂತ ಹೆಚ್ಚು ಗಮನಿಸುತ್ತಾರೆ. ವಿಜ್ಞಾನಿಯ ಚಿತ್ರ ಬರೆಯಿರಿ ಎಂದು ಮಕ್ಕಳಿಗೆ ಹೇಳಿದಾಗ ಏನು ಬರೆಯುತ್ತಾರೆ ಎಂಬ ಅಧ್ಯಯನವನ್ನು ಡೇವಿಡ್ ಚೇಂಬರ್ಸ್ 1983ರಲ್ಲಿ ಪ್ರಕಟಿಸಿದರು. 4,807 ಮಕ್ಕಳು ಬರೆದ ಚಿತ್ರಗಳಲ್ಲಿ ಹೆಣ್ಣು ವಿಜ್ಞಾನಿಗಳಿದ್ದದ್ದು 28ರಲ್ಲಿ ಮಾತ್ರ. ಆ ಇಪ್ಪತ್ತೆಂಟನ್ನೂ ಬರೆದವರು ಹುಡುಗಿಯರೇ. ಅಮೆರಿಕದಲ್ಲಿ ಐದು ದಶಕಗಳ ಕಾಲ ನಡೆದ ಇಂಥ ಅಧ್ಯಯನಗಳನ್ನೆಲ್ಲ ಕೂಡಿಸಿ 2018ರಲ್ಲಿ ನೋಡಿದಾಗ, ಶೇಕಡಾ ಒಂದಕ್ಕಿಂತ ಕಡಿಮೆ ಇದ್ದ ಹೆಣ್ಣು ವಿಜ್ಞಾನಿಯ ಚಿತ್ರ 1985ರ ನಂತರದ ಅಧ್ಯಯನಗಳಲ್ಲಿ ಸರಾಸರಿ ಶೇಕಡಾ 28ಕ್ಕೆ ಏರಿತ್ತು. ನಡುವಿನ ವರ್ಷಗಳಲ್ಲಿ ಪ್ರಯೋಗಾಲಯಗಳಲ್ಲೂ ಮಕ್ಕಳ ಪತ್ರಿಕೆಗಳಲ್ಲೂ ಹೆಂಗಸರು ಹೆಚ್ಚಾಗಿ ಕಾಣತೊಡಗಿದ್ದರು. ನೋಡಿದ್ದು ಬದಲಾದರೆ ಊಹೆ ಬದಲಾಗುತ್ತದೆ. ನಮ್ಮ ಮಕ್ಕಳಿಗೆ ತೋರಿಸಲು ಹೆಸರುಗಳಿಗೆ ಬರವಿಲ್ಲ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಮಲಾ ಸೊಹೊನಿ ಅವರಿಗೆ ಹೆಣ್ಣೆಂಬ ಕಾರಣಕ್ಕೆ ಮೊದಲು ಪ್ರವೇಶ ಸಿಗಲಿಲ್ಲ. ಪಟ್ಟು ಹಿಡಿದ ಮೇಲೆ ಒಂದು ವರ್ಷದ ಷರತ್ತಿನ ಮೇಲೆ ಸೇರಿಸಿಕೊಂಡರು. ಮುಂದೆ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದ ಅವರು ಬಡಮಕ್ಕಳ ಪೌಷ್ಟಿಕತೆಗಾಗಿ ನೀರಾ ಎಂಬ ತಾಳೆ ಮರದ ಸಿಹಿರಸದ ಮೇಲೆ ಕೆಲಸ ಮಾಡಿದರು. ತಾಳೆ, ತೆಂಗುಗಳ ಕರಾವಳಿಯ ಮಗುವಿಗೆ ಆ ಕತೆ ಪರಕೀಯವಾಗಲಾರದು. ಎಡವಿದ ಭಾಗವನ್ನು ಮುಚ್ಚಿಡದೆ ಹೇಳುವುದೂ ಮುಖ್ಯ. ನ್ಯೂಯಾರ್ಕಿನ 402 ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ಕ್ಸಿಯೊಡಾಂಗ್ ಲಿನ್-ಸೀಗ್ಲರ್ ತಂಡ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐನ್‌ಸ್ಟೈನ್, ಕ್ಯೂರಿ, ಫ್ಯಾರಡೆ ಪಟ್ಟ ಪಾಡನ್ನು ಓದಿದವರ ವಿಜ್ಞಾನದ ಅಂಕಗಳು ಸುಧಾರಿಸಿದವು. ಕಲಿಕೆಯಲ್ಲಿ ಹಿಂದುಳಿದವರಿಗೆ ಲಾಭ ಹೆಚ್ಚಾಗಿತ್ತು. ಬರಿ ಸಾಧನೆಗಳನ್ನು ಓದಿದವರಿಗೆ ಆ ಲಾಭ ಸಿಗಲಿಲ್ಲ.

ವೈಕಲ್ಯವಿರುವ ಮಕ್ಕಳ ವಿಷಯಕ್ಕೆ ಬಂದರೆ ಈ ಸೀಮೆ ತನ್ನದೇ ಪಾಠವನ್ನು ಎದುರಿಸಬೇಕಾಗುತ್ತದೆ. 1980ರ ದಶಕದಿಂದ ವರ್ಷಗಳ ಕಾಲ ದಕ್ಷಿಣ ಕನ್ನಡದ ಗೇರು ನೆಡುತೋಪುಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಲಾಯಿತು. ಪಕ್ಕದ ಕಾಸರಗೋಡಿನಲ್ಲೂ ಇದೇ ನಡೆಯಿತು. ಗೇರಿನ ಎಳೆ ಚಿಗುರಿನ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲುವುದು ಉದ್ದೇಶ. ಸರ್ಕಾರ ಬೆಳ್ತಂಗಡಿ, ಪುತ್ತೂರು, ಬಂಟ್ವಾಳ, ಸುಳ್ಯ ಕಡೆಗಳಲ್ಲಿ ಆ ಸಿಂಪಡಣೆಯ ಬಳಿಕ ವೈಕಲ್ಯ, ಕಾಯಿಲೆಗಳಿಗೆ ತುತ್ತಾದವರನ್ನು ಸಂತ್ರಸ್ತರೆಂದು ಗುರುತಿಸಿ ಮಾಸಾಶನ ಕೊಡುತ್ತಿದೆ. ಕೊಕ್ಕಡ ಮತ್ತು ಕೊಯಿಲದಲ್ಲಿ ಪಾಲನಾ ಕೇಂದ್ರಗಳಾದವು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ಎಂಡೋಸಲ್ಫಾನ್ ತಯಾರಿಕೆ ಮತ್ತು ಮಾರಾಟವನ್ನು ತಡೆಯಿತು. ಈ ಘಟನೆಯಲ್ಲಿ ಎಷ್ಟು ವಿಜ್ಞಾನವಿದೆ ನೋಡಿ. ಟೀ ಸೊಳ್ಳೆ ಸೊಳ್ಳೆಯೇ ಅಲ್ಲ, ತಿಗಣೆಯ ಕುಲದ್ದು. ಹೆಸರು ದಾರಿ ತಪ್ಪಿಸುವಲ್ಲಿ ಚಿತ್ರ ದಾರಿ ತೋರಿಸಬಲ್ಲದು. ಎತ್ತರದಿಂದ ಸುರಿದ ಹನಿ ಗಾಳಿಯಲ್ಲಿ ಎಷ್ಟು ದೂರ ತೇಲುತ್ತದೆ, ಇಳಿಜಾರಿನ ನೆಲದಲ್ಲಿ ನೀರಿನ ಜೊತೆ ಎಲ್ಲಿಗೆ ಹರಿಯುತ್ತದೆ, ಕೊಬ್ಬಿನಲ್ಲಿ ಕರಗುವ ವಿಷ ಆಹಾರ ಸರಪಳಿಯಲ್ಲಿ ಹೇಗೆ ಮೇಲೇರುತ್ತದೆ. ಪುತ್ತೂರಿನಲ್ಲೇ 1986ರಿಂದ ರಾಷ್ಟ್ರಮಟ್ಟದ ಗೇರು ಸಂಶೋಧನಾ ಕೇಂದ್ರವಿದೆ. ಇಷ್ಟೆಲ್ಲ ಇರುವ ಊರಿನಲ್ಲಿ ಆಹಾರ ಸರಪಳಿಯನ್ನು ಹುಲ್ಲು, ಜಿಂಕೆ, ಹುಲಿ ಎಂದು ಮಾತ್ರ ಕಲಿಸಿ ಮುಂದಿನ ಪುಟಕ್ಕೆ ಹೋಗುವುದು ನಷ್ಟದ ಮಾತು.

ಆದರೆ ಆ ಕತೆಯಲ್ಲಿ ವೈಕಲ್ಯವಿರುವ ಮಗು ಬರಿ ಸಂತ್ರಸ್ತೆಯಾಗಿ, ಕಣ್ಣೀರು ತರಿಸುವ ಕೊನೆಯ ಪುಟವಾಗಿ ಬಂದರೆ ಅದು ಒಳಗೊಂಡ ಹಾಗಾಗಲಿಲ್ಲ. ಗಾಲಿಕುರ್ಚಿಯ ಹುಡುಗಿ ಮಳೆ ಅಳೆಯುವವಳಾಗಬೇಕು. ಅವಳ ಕುರ್ಚಿ ಏರಲಾರದ ಮೆಟ್ಟಿಲು ಇಳಿಜಾರಿನ ಪಾಠಕ್ಕೆ ಪ್ರಶ್ನೆಯಾಗಬೇಕು. ಪುಸ್ತಕದ ಮೈಯೂ ಬದಲಾಗಬೇಕು. ಕಣ್ಣು ಕಾಣದ ಮಗುವಿಗೆ ಪಾಲೆಯ ಪುಟದಲ್ಲಿ ಎಲೆಯ ಸುತ್ತು ಉಬ್ಬುಗೆರೆಯಲ್ಲಿ ಬೆರಳಿಗೆ ಸಿಗಬೇಕು. ಇಲ್ಲವೇ ಒಂದು ನಿಜವಾದ ರೆಂಬೆಯನ್ನೇ ಟೀಚರ್ ಕೈಗೆ ಕೊಡಬಹುದು. ಗೆಣ್ಣಿನ ಸುತ್ತ ಎಲೆ ಎಣಿಸಲು ಬೆರಳು ಸಾಕು, ಹಾಲಿನ ಅಂಟನ್ನು ಬೆರಳು ಕಣ್ಣಿಗಿಂತ ಬೇಗ ಹೇಳುತ್ತದೆ. ಕೆಂಪು-ಹಸಿರು ಬೇರೆ ಮಾಡಲಾಗದ ಮಕ್ಕಳು ಪ್ರತಿ ಊರಿನಲ್ಲೂ ಇರುತ್ತಾರೆ. ಅಡಿಕೆಯ ಎಲೆಚುಕ್ಕಿ ರೋಗವನ್ನು ಬಣ್ಣದಿಂದ ಮಾತ್ರ ತೋರಿಸಿದರೆ ಅವರಿಗೆ ಕಾಣದು, ಚುಕ್ಕಿಯ ಆಕಾರ, ಅಂಚುಗಳನ್ನೂ ಬರೆದರೆ ಕಾಣುತ್ತದೆ. ಹೀಗೆ ಮಾಡಿದಾಗ ಉಳಿದ ಮಕ್ಕಳೂ ರೋಗವನ್ನು ಇನ್ನಷ್ಟು ಖಚಿತವಾಗಿ ಗುರುತಿಸುತ್ತಾರೆ. ಒಬ್ಬರಿಗಾಗಿ ಮಾಡಿದ ತಿದ್ದುಪಡಿ ಎಲ್ಲರ ನೋಟವನ್ನೂ ಹರಿತ ಮಾಡುತ್ತದೆ.

ಆಕ್ಷೇಪಗಳ ಮುಂದೆ

ಕತೆ ಬಂದಲ್ಲಿ ವಿಜ್ಞಾನ ತೆಳುವಾಗುತ್ತದೆ ಎಂಬುದು ಮೊದಲ ಆಕ್ಷೇಪ, ಮತ್ತು ಅದರಲ್ಲಿ ಹುರುಳಿದೆ. ಪ್ರಾಣಿಗಳಿಗೆ ಮನುಷ್ಯರ ಮಾತು, ಭಾವನೆಗಳನ್ನು ಕೊಟ್ಟ ಪುಸ್ತಕಗಳನ್ನು ಕೇಳಿದ ಚಿಕ್ಕ ಮಕ್ಕಳು ಆ ಪ್ರಾಣಿಗಳ ಬಗ್ಗೆ ನಿಜಾಂಶಗಳನ್ನು ಕಡಿಮೆ ಕಲಿತರು, ನಿಜವಾದ ಪ್ರಾಣಿಗಳಿಗೂ ಮನುಷ್ಯ ಗುಣಗಳನ್ನು ಅಂಟಿಸಿದರು ಎಂದು ಪೆಟ್ರೀಶಿಯ ಗನಿಯಾ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ್ದಾರೆ. ಹಾಗಾಗಿ ಕೊಳೆರೋಗದ ಕತೆಯಲ್ಲಿ ರೋಗಾಣು ಮೀಸೆ ತಿರುವುವ ರಾಕ್ಷಸನಾಗಬಾರದು. ಕೆಲೆಮನ್ ಅವರ ಚಿತ್ರಕತೆ ಗೆದ್ದದ್ದು ಈ ಎಚ್ಚರದಿಂದಲೇ. ಅಲ್ಲಿ ಯಾವ ಪ್ರಾಣಿಯೂ ಬಯಸಿ ಬಯಸಿ ತೆಳು ಸೊಂಡಿಲು ಬೆಳೆಸಿಕೊಳ್ಳುವುದಿಲ್ಲ. ಅನಿಸಿಕೆ, ಆಸೆ, ತಪ್ಪು, ಜಾಣತನ ಎಲ್ಲ ಕತೆಯ ಮನುಷ್ಯರಿಗಿರಲಿ. ಮರ, ಕೀಟ, ರೋಗಾಣುಗಳು ತಮ್ಮ ನಿಯಮದಂತೆ ನಡೆಯಲಿ. ಕತೆಗೂ ತರ್ಕಕ್ಕೂ ಹೊಂದಿಕೆಯಿಲ್ಲ ಎನ್ನುವವರಿಗೆ ಈ ನೆಲದ ತಾಳಮದ್ದಳೆಯೇ ಉತ್ತರ ಹೇಳಬಲ್ಲದು. ಅಲ್ಲಿ ಪ್ರಸಂಗ ನಿಲ್ಲುತ್ತದೆ, ಅರ್ಥಧಾರಿಗಳು ಪ್ರಶ್ನೆಗೆ ಪ್ರಶ್ನೆ, ಆಧಾರಕ್ಕೆ ಆಧಾರ ಎದುರಿಟ್ಟು ವಾದಿಸುತ್ತಾರೆ, ಸಭೆ ರಾತ್ರಿಯಿಡೀ ಕೇಳುತ್ತದೆ. ವಿಜ್ಞಾನದ ಚಿತ್ರಕತೆಗೂ ಅಂಥ ನಿಲುಗಡೆ ಬೇಕು: ಪುಟ ತಿರುಗಿಸುವ ಮೊದಲು ಮುಂದೇನಾಗುತ್ತದೆ, ಏಕೆ ಎಂದು ಮಗು ಹೇಳಬೇಕಾದ ಜಾಗ.

ಚಿತ್ರ ಹೆಚ್ಚಾದರೆ ಗಮನ ಚದುರುತ್ತದೆ ಎಂಬ ಮಾತೂ ಸರಿಯೇ. ವಿಷಯಕ್ಕೆ ಸಂಬಂಧವಿಲ್ಲದ ಆಕರ್ಷಕ ಸಂಗತಿಗಳು ಕಲಿಕೆಯನ್ನು ಕೆಡಿಸುತ್ತವೆ ಎಂದು ತೋರಿಸಿದವರಲ್ಲಿ ಚಿತ್ರಗಳ ಪರವಾಗಿದ್ದ ಮೇಯರ್ ಅವರೇ ಒಬ್ಬರು. ಆದ್ದರಿಂದ ಪ್ರತಿ ಚಿತ್ರಕ್ಕೂ ಒಂದು ಕೆಲಸ ಇರಬೇಕು. ಕಾಯೆರ್‌ನ ಎಲೆಯಲ್ಲಿ ನರಗಳು ಬುಡದಿಂದ ಏಳದೆ ಬೇರೆಲ್ಲಿಂದಲೋ ಎದ್ದರೆ, ಆ ಚಿತ್ರ ಎಷ್ಟೇ ಚೆಂದವಿದ್ದರೂ ತಪ್ಪು ಪಾಠ. ಪರೀಕ್ಷೆಗೆ ಸಮಯವಿಲ್ಲ ಎಂಬ ಶಿಕ್ಷಕರ ಅಳಲನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಮುಂಚೂಣಿಯಲ್ಲಿರುವ, 2025ರಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಪಡೆದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಆ ಒತ್ತಡ ಸಹಜ. ಆದರೆ ಕತ್ತಿಯ ಕತೆ ಪಠ್ಯದ ಹೊರಗಿನದ್ದಲ್ಲ. ಅದೇ ಪುಟದ ಅದೇ ಸಮೀಕರಣವನ್ನು ಅದು ಬೇರೆ ಬಾಗಿಲಿನಿಂದ ಒಳಗೆ ತರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಇಡೀ ರಾಜ್ಯದ ಪುಟ್ಟ ತರಗತಿಗಳಿಗೆ ಹಬ್ಬಿದೆ. ಕಾರ್ಡು, ಚಿತ್ರ, ಚಟುವಟಿಕೆಗಳು ಪಾಠಕ್ಕೆ ಅಡ್ಡಿಯಲ್ಲ ಎಂಬುದು ಅದರ ನಂಬಿಕೆ. ದೊಡ್ಡ ತರಗತಿಗಳಲ್ಲಿ ಆ ನಂಬಿಕೆಯನ್ನು ಕೈಬಿಡಬೇಕಾದ ಕಾರಣವೂ ಇಲ್ಲ.

ಹೆಚ್ಚು ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಎಲ್ಲರನ್ನೂ ಒಳಗೊಳ್ಳಲು ಹೊರಟು ಪ್ರತಿ ಮಗುವಿಗೂ ಅದರ ಜಾತಿ, ಕಸುಬಿನ ಚೀಟಿ ಅಂಟಿಸಿದಂತಾಗುವುದಿಲ್ಲವೇ? ಆಗಬಲ್ಲದು. ಕೊರಗ ಸಮುದಾಯದ ಹುಡುಗಿ ಎಲ್ಲ ಪುಸ್ತಕದಲ್ಲೂ ಬೀಳಲಿನ ಬುಟ್ಟಿ ಹೆಣೆಯುತ್ತಲೇ ಕಂಡರೆ ಅದು ಹೊಸ ಬಣ್ಣ ಬಳಿದ ಹಳೆಯ ಗೋಡೆ. ಕೊರಗರನ್ನು ಕೀಳಾಗಿ ನಡೆಸಿಕೊಂಡ ಅಜಲು ಪದ್ಧತಿಯನ್ನು ಕಾಯ್ದೆ ಮಾಡಿ ನಿಷೇಧಿಸಿದ್ದು 2000ದಲ್ಲಿ. ಅಷ್ಟು ಈಚಿನ ಗಾಯದ ಮೇಲೆ ಚಿತ್ರಕಾರರು ಎಚ್ಚರದಿಂದ ಕೈಯಿಡಬೇಕು. ಹಿರಿಯರ ಕಾಡಿನ ಅರಿವಿಗೆ ಒಂದು ಪುಸ್ತಕದಲ್ಲಿ ಗೌರವ ಸಿಗಲಿ. ಇನ್ನೊಂದರಲ್ಲಿ ಅದೇ ಹುಡುಗಿ ಸೂಕ್ಷ್ಮದರ್ಶಕದ ಮುಂದೆ ಕೂರಲಿ, ಗ್ರಹಣದ ಲೆಕ್ಕ ಹಾಕಲಿ, ಅಲ್ಲಿ ಅವಳ ಸಮುದಾಯದ ಮಾತೇ ಬರದಿರಲಿ. ಹೆಸರು ಮತ್ತು ಮೈಬಣ್ಣ ಬದಲಿಸಿದರೆ ಕೆಲಸ ಮುಗಿಯದು. ಪ್ರಶ್ನೆ ಕೇಳುವವರು ಯಾರು, ತಪ್ಪು ಕಂಡುಹಿಡಿಯುವವರು ಯಾರು, ಲೆನ್ಸ್ ಯಾರ ಕೈಯಲ್ಲಿದೆ ಎಂಬುದರಲ್ಲಿ ಒಳಗೊಳ್ಳುವಿಕೆಯ ಸತ್ಯಾಸತ್ಯ ತಿಳಿಯುತ್ತದೆ.

ಊರಿನದ್ದನ್ನೇ ಕಲಿಸಿದರೆ ಮಕ್ಕಳು ಬಾವಿಯ ಕಪ್ಪೆಗಳಾಗುತ್ತಾರೆ ಎಂಬ ಭಯಕ್ಕೆ ಬೋರ್ಡೋ ಎಂಬ ಹೆಸರೇ ಉತ್ತರ. ಅದು ಫ್ರಾನ್ಸಿನ ಊರು. ದಾರಿಹೋಕರು ಹಣ್ಣು ಕೀಳದಿರಲಿ ಎಂದು ಅಲ್ಲಿನ ಬೆಳೆಗಾರರು ರಸ್ತೆಬದಿಯ ದ್ರಾಕ್ಷಿ ಬಳ್ಳಿಗಳಿಗೆ ತಾಮ್ರ-ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ತಗಲದಿರುವುದನ್ನು ಪಿಯರ್ ಮಿಲಾರ್ಡೆ 1880ರ ದಶಕದಲ್ಲಿ ಗಮನಿಸಿದ್ದರಿಂದ ಈ ಮದ್ದು ಹುಟ್ಟಿತು. ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗವನ್ನು 1910ರ ಸುಮಾರಿಗೆ ಅಭ್ಯಾಸ ಮಾಡಿದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್‌ಮನ್. ನಮ್ಮ ತೋಟದ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರ ಎಂಬ ರೋಗಾಣುವಿನ ಹತ್ತಿರದ ಬಂಧು 1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ ಲಕ್ಷಾಂತರ ಜನರನ್ನು ಹಸಿವಿಗೆ ದೂಡಿತು. ಸುಳ್ಯದ ತೋಟದಿಂದ ಹೊರಟ ಮಗು ಹೀಗೆ ಮೂರು ಖಂಡ ಸುತ್ತಿ ಬರುತ್ತದೆ. ಹೊರಡಲು ಒಂದು ಅಂಗಳ ಬೇಕು, ಅಷ್ಟೆ.

ಬರೆಯುವವರು ಯಾರು

ಇಂಥ ಪುಸ್ತಕಗಳನ್ನು ಯಾರು ಮಾಡಬೇಕು ಎಂಬುದಕ್ಕೂ ಪುತ್ತೂರಿನಲ್ಲೇ ಮಾದರಿಯಿದೆ. 1988ರಲ್ಲಿ ಇಲ್ಲಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಎಂಬ ಮಾತನ್ನು ನಿಜ ಮಾಡಿತು. ಬೆಳೆದವರೇ ಬರೆದರು, ಯಾವ ಹೊಸ ಕ್ರಮ ಗೆದ್ದಿತು, ಯಾವುದು ಸೋತಿತು ಎಂದು ಲೆಕ್ಕ ಸಮೇತ ಹಂಚಿಕೊಂಡರು. ಎಂಡೋಸಲ್ಫಾನ್ ಬಗ್ಗೆ ಮೊದಮೊದಲು ಎಚ್ಚರಿಸಿದವರಲ್ಲಿ ಅದರ ಸಂಪಾದಕ ಶ್ರೀ ಪಡ್ರೆಯವರೂ ಒಬ್ಬರು ಎಂಬುದು ಆಕಸ್ಮಿಕವಲ್ಲ. ನೆಲದ ಮೇಲೆ ನಿಂತು ನೋಡುವ ಅಭ್ಯಾಸ ಇರುವವರಿಗೆ ಬದಲಾವಣೆ ಬೇಗ ಕಾಣುತ್ತದೆ. ಅದೇ ಕ್ರಮ ಶಾಲೆಗೂ ಬರಲಿ. ವಿಜ್ಞಾನದ ಟೀಚರ್, ಚಿತ್ರ ಬರೆಯುವ ಒಬ್ಬರು, ಸಂಶೋಧನಾ ಕೇಂದ್ರದ ಒಬ್ಬ ವಿಜ್ಞಾನಿ, ಮದ್ದು ಬಿಡುವ ಒಬ್ಬ ಕೆಲಸಗಾರ ಒಟ್ಟಿಗೆ ಕೂತರೆ ಒಂದು ಒಳ್ಳೆಯ ಪುಸ್ತಕದ ಕರಡು ಸಿದ್ಧವಾಗಬಲ್ಲದು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಮಕ್ಕಳ ಚಿತ್ರಕತೆಗಳನ್ನು ಯಾರು ಬೇಕಾದರೂ ಅನುವಾದಿಸಬಹುದು, ಹೊಸದಾಗಿ ಬರೆಯಬಹುದು, ಮುದ್ರಿಸಿಕೊಳ್ಳಬಹುದು. ದುಬಾರಿ ಕಾಗದವೂ ಬೇಕಿಲ್ಲ. ಒಂದೇ ಚಿತ್ರಕ್ಕೆ ತುಳು, ಅರೆಭಾಷೆ, ಬ್ಯಾರಿ, ತಮಿಳಿನ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಜೋಡಿಸಲು ಹೆಚ್ಚು ಖರ್ಚು ತಗಲುವುದಿಲ್ಲ. ತಗಲುವುದು ಕೇಳುವ ತಾಳ್ಮೆ.

ಮೊದಲ ಪುಸ್ತಕ ಪಾಲೆ ಮರದ್ದೇ ಆಗಲಿ. ಎಡಪುಟದಲ್ಲಿ ಪಾಲೆಯ ರೆಂಬೆ, ಬಲಪುಟದಲ್ಲಿ ಕಾಯೆರ್‌ನ ರೆಂಬೆ, ಎರಡೂ ನಿಜವಾದ ಅಳತೆಯಲ್ಲಿ, ಬೆರಳಿಗೆ ಸಿಗುವ ಉಬ್ಬುಗೆರೆಯಲ್ಲಿ. ದೊಡ್ಡವರಿಲ್ಲದೆ ತೊಗಟೆ ತೆಗೆಯಬಾರದು, ಅನುಮಾನ ಬಂದರೆ ಕುಡಿಯಲೇಬಾರದು ಎಂಬ ಎಚ್ಚರಿಕೆ ದಪ್ಪಕ್ಷರದಲ್ಲಿ. ಕೆಳಗೆ ಆರೇಳು ಖಾಲಿ ಗೆರೆಗಳು: ನಿಮ್ಮ ಮನೆಯಲ್ಲಿ ಈ ಮರಕ್ಕೆ ಏನನ್ನುತ್ತಾರೆ, ಕೇಳಿಕೊಂಡು ಬಂದು ಬರೆಯಿರಿ. ಮುಂದಿನ ಆಟಿಯೊಳಗೆ ಆ ಗೆರೆಗಳು ತುಂಬಿದರೆ ಪುತ್ತೂರಿನ, ಸುಳ್ಯದ, ಕಡಬದ ಒಂದೊಂದು ತರಗತಿಯ ಬಳಿಯೂ ಯಾವ ಮುದ್ರಿತ ಪಠ್ಯದಲ್ಲೂ ಇಲ್ಲದ ಸಸ್ಯಶಾಸ್ತ್ರದ ಒಂದು ಪುಟ ಇರುತ್ತದೆ. ಅದನ್ನು ಬರೆದವರು ಆ ತರಗತಿಯ ಅಷ್ಟೂ ಮಕ್ಕಳು.